ಎರಡು ಎಣಿಸುವಷ್ಟು ಹೊತ್ತು

ಹೊಲಿಗೆ ಅಂಗಡಿ
ಭಾನುವಾರ, ಮಧ್ಯಾಹ್ನ

ನನ್ನ ಮೆಣಸಿಗೆ,

ಅಪ್ಪನ ಆಶೀರ್ವಾದ. ಕೋಪವಿದ್ದರೂ ತೆಗೆದುಕೊಳ್ಳಬೇಕು, ಆಶೀರ್ವಾದವನ್ನು ವಾಪಸು ಕಳಿಸುವ ಪದ್ಧತಿ ಇಲ್ಲ.

ನೀನು ಅತ್ತೆಯ ಮನೆಗೆ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಫೋನು ಮಾಡಿದರೆ ನಿನ್ನ ಅತ್ತೆ, ನನ್ನ ಅಕ್ಕನೇ ಎತ್ತಿಕೊಂಡು, ಮಲಗಿದಾಳೆ ಕಣೋ ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ತೊಟ್ಟಿಲಲ್ಲಿದ್ದಾಗಲೂ ನೀನು ಇಷ್ಟು ಮಲಗಿದವಳಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಲಗಿಕೊಂಡೂ ಓದಬಹುದು.

ಜೊತೆಗಿರುವ ಪೆಟ್ಟಿಗೆಯಲ್ಲಿ ನಿನ್ನ ಸಾಮಾನೆಲ್ಲ ಇದೆ. ಗ್ರಂಥಾಲಯದ ಕೆಲಸದ ಪರೀಕ್ಷೆಯ ದಿನ ನೀನು ಅಲ್ಲಿಂದಲೇ ಹೊರಟುಬಿಟ್ಟೆಯಲ್ಲ, ಇವು ನನ್ನ ಚೀಲದಲ್ಲೇ ಉಳಿದುಹೋದವು. ಕೀಬೋರ್ಡನ್ನು ಒರೆಸಿದ್ದೇನೆ. ಅದರ ಮೇಲೆ ಕೂರುವ ತೂತಿನ ಹಲಗೆಯನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿದ್ದೇನೆ. ಅದು ಮೊದಲು ಮನೆಗೆ ಬಂದಾಗ ನಾನು, ಇದೇನೇ ಜರಡಿ, ಅಂದಿದ್ದೆ. ಜರಡಿ ಅಲ್ಲಪ್ಪ, ಕೈ ನಡುಗಿದರೂ ಬೆರಳು ಪಕ್ಕದ ಅಕ್ಷರಕ್ಕೆ ಹೋಗದ ಹಾಗೆ ಒಂದೊಂದಕ್ಕೂ ಒಂದೊಂದು ಮನೆ, ಅಂತ ನೀನು ತಿದ್ದಿದ್ದೆ. ಮೌಸಿನ ಬದಲು ಅಂಗೈಯಲ್ಲಿ ಉರುಳಿಸುವ ಆ ದೊಡ್ಡ ಗುಂಡನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ದಾರಿಯಲ್ಲಿ ಉರುಳಬಾರದು ಅಂತ ಸುತ್ತಲೂ ಚೂರು ಬಟ್ಟೆ ತುಂಬಿದ್ದೇನೆ.

ಪ್ಯಾಕು ಮಾಡುವ ಮೊದಲು ಎಲ್ಲ ಸರಿಯಿದೆಯೋ ನೋಡೋಣ ಅಂತ ಮನೆಯ ಕಂಪ್ಯೂಟರಿಗೆ ಹಾಕಿದೆ. ಗುಂಡು ಉರುಳಿಸಿದೆ, ಪರದೆಯ ಮೇಲೆ ಬಾಣ ಓಡಾಡಿತು. ಒಂದು ಚಿತ್ರದ ಮೇಲೆ ನಿಲ್ಲಿಸಿದೆ. ಅಲ್ಲೇ ನಿಂತಿತು. ಕೆಟ್ಟೇಹೋಯ್ತು ಕಣೇ ಅಂತ ನಿನ್ನ ಅಮ್ಮನನ್ನು ಕೂಗುವಷ್ಟರಲ್ಲಿ ಚಿತ್ರ ತಾನಾಗಿ ತೆರೆದುಕೊಂಡಿತು. ಗುಂಡಿ ಒತ್ತಿದವರು ಯಾರೂ ಇಲ್ಲ.

ಅಮ್ಮ ಒಳಗಿನಿಂದ ಬಂದು ನೋಡಿದಳು. 'ಅದು ಹಾಗೇ ರೀ. ಬಾಣ ಅಲ್ಲಾಡದೆ ಎರಡು ಎಣಿಸೋವಷ್ಟು ಹೊತ್ತು ನಿಂತ್ರೆ ತಾನೇ ಒತ್ತಿಕೊಳ್ಳುತ್ತೆ. ಒತ್ತೋಕೆ ಹೋದ್ರೆ ಅವಳ ಕೈ ಜಾರುತ್ತಲ್ಲ, ಅದಕ್ಕೆ. ನಿಮಗೂ ಹೇಳಿದ್ಲು, ನೀವು ಕಾಜಾ ಹೊಲೀತಾ ಹೂಂ ಅಂದ್ರಿ' ಅಂದಳು.

ಮೆಣಸು, ನಾನು ಆ ಬಾಣವನ್ನು ಮತ್ತೆ ಮತ್ತೆ ನಿಲ್ಲಿಸಿ ಎರಡು ಎಣಿಸಿ ನೋಡಿದೆ. ಅಮ್ಮ ಅನ್ನ ಆರುತ್ತಿದೆ ಅಂತ ಎರಡು ಸಲ ಕರೆದಳು.

ಆ ದಿನ ಗ್ರಂಥಾಲಯದಲ್ಲಿ ನೀನು ಇಪ್ಪತ್ತು ಪುಸ್ತಕಗಳ ವಿವರವನ್ನೂ ತುಂಬಿ ಮುಗಿಸಿದ್ದೆ. ಕೊನೆಗೆ ಎರಡು ಚೌಕ ಇದ್ದವು, ಒಂದರ ಮೇಲೆ ಸಲ್ಲಿಸು ಅಂತ, ಪಕ್ಕದ್ದರ ಮೇಲೆ ಅಳಿಸು ಅಂತ. ನಿನ್ನ ಬಾಣ ಸಲ್ಲಿಸು ಮೇಲೆ ಬಂದು ನಿಂತಿತು. ಗಡಿಯಾರದಲ್ಲಿ ಇನ್ನೂ ಒಂದು ನಿಮಿಷವಿತ್ತು. ನಿನ್ನ ಕೈ ಹಿಡಿದುಕೊಂಡುಬಿಟ್ಟಿದೆ ಅಂತ ನಾನು ತಿಳಿದೆ. ಸಾಮಾನು ಜೋಡಿಸಿಕೊಟ್ಟು ಸುಮ್ಮನೆ ಕೂತಿರಿ ಅಂತ ಹೇಳಿ ನನ್ನನ್ನು ಒಳಗೆ ಬಿಟ್ಟಿದ್ದರು. ನಾನು ಸುಮ್ಮನೆ ಕೂರಲಿಲ್ಲ, ಬೆರಳಲ್ಲಿ ಗುಂಡನ್ನು ಇಷ್ಟೇ ಇಷ್ಟು ನೂಕಿದೆ. ಬಾಣ ಪಕ್ಕದ ಅಳಿಸು ಮನೆಗೆ ಹೋಗಿ ನಿಂತಿತು, ಅಲ್ಲೇ ಒತ್ತಿಕೊಂಡಿತು. ಇಪ್ಪತ್ತು ಪುಸ್ತಕವೂ ಹೋದವು.

ನೀನು ನಿಂತಿರಲಿಲ್ಲ, ಮುಗಿಸುತ್ತಿದ್ದೆ. ಅದು ನನಗೆ ಈಗ ಗೊತ್ತಾಯಿತು.

ಆದರೆ ನಿನ್ನ ಕೋಪ ಅದಕ್ಕಲ್ಲ ಅನ್ನುವುದು ಆ ದಿನವೇ ಗೊತ್ತಿತ್ತು. ಗ್ರಂಥಾಲಯದ ಮೇಡಂ ಬಂದು ಇದನ್ನು ಮುಟ್ಟಿದವರು ಯಾರು ಅಂತ ಕೇಳಿದಾಗ ನಾನೇ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಅವಳೇ ಸನ್ನೆ ಮಾಡಿ ಕೇಳಿದಳು ಅಂತ ಸೇರಿಸಿದೆ. ನೀನು ಏನೋ ಹೇಳಲು ಹೊರಟೆ, ನಿನ್ನ ಮಾತು ಹೊರಡಲು ಹೊತ್ತು ಬೇಕು, ಅಷ್ಟರಲ್ಲಿ ಅವರು ನಿನ್ನ ಹೆಸರಿನ ಮುಂದೆ ಗೆರೆ ಎಳೆದಿದ್ದರು. ಬೇರೆಯವರಿಂದ ಮಾಡಿಸಿಕೊಂಡವಳು ಅಂತ.

ಮೊನ್ನೆ ಶುಕ್ರವಾರ ಅಂಗಡಿಗೆ ಬೀಗ ಹಾಕಿ ಅವರ ಹತ್ತಿರ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಏನೇನು ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ, ಬಾಗಿಲಲ್ಲೇ ಎಲ್ಲ ಮರೆತುಹೋಯಿತು. ಮಗಳು ಕೇಳಲಿಲ್ಲ ಮೇಡಂ, ನಾನೇ ಕೈ ಹಾಕಿದ್ದು, ಸುಳ್ಳು ಹೇಳಿದ್ದೂ ನಾನೇ, ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಪರೀಕ್ಷೆ ಇಟ್ಟಿದ್ದು ನಿಮಗಲ್ಲ ಅಲ್ವಾ?' ಅಂದರು. ನನಗಿಟ್ಟಿದ್ದರೆ ಕುರ್ಚಿಯ ಮೇಲೆ ಸುಮ್ಮನೆ ಕೂರೋದರಲ್ಲೇ ನಪಾಸಾಗ್ತಿದ್ದೆ ಅಂದೆ. ಅವರಿಗೆ ನಗು ಬಂತು, ತೋರಿಸಲಿಲ್ಲ. ಆ ಬಾಣ ಹೇಗೆ ನಿಲ್ಲುತ್ತೆ, ಹೇಗೆ ತಾನೇ ಒತ್ತಿಕೊಳ್ಳುತ್ತೆ ಅಂತ ಕೇಳಿದರು. ಅಮ್ಮ ನನಗೆ ಹೇಳಿಕೊಟ್ಟಷ್ಟನ್ನು ಹೇಳಿದೆ. ಮಿಕ್ಕಿದ್ದನ್ನು ಅವಳ ಬಾಯಲ್ಲೇ ಕೇಳಿ, ಸ್ವಲ್ಪ ಹೊತ್ತು ಕೊಡಿ, ಅಂದೆ.

ಅವರು ಕೊಟ್ಟ ಕಾಗದ ಇದರ ಜೊತೆಗಿದೆ. ಮುಂದಿನ ಗುರುವಾರ ಹತ್ತೂವರೆಗೆ ನಿನಗೆ ಮತ್ತೆ ಪರೀಕ್ಷೆ. ಹೋಗುವುದು, ಬಿಡುವುದು ನಿನ್ನ ಇಷ್ಟ.

ಇಂತಿ,
ನಿನ್ನ ಅಪ್ಪ

ಮರೆತಿದ್ದು: ಮರೆತಿದ್ದಲ್ಲ, ಬರೆಯದೆ ಬಿಟ್ಟಿದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ಇಪ್ಪತ್ತು ಪುಸ್ತಕ ಪರದೆಯಿಂದ ಹೋದಾಗ ಒಂದು ಗಳಿಗೆ ನನಗೆ ಹಗುರ ಅನ್ನಿಸಿತು. ಕೆಲಸ ಸಿಕ್ಕರೆ ನೀನು ಗ್ರಂಥಾಲಯ ಇರುವ ಆ ಊರಲ್ಲೇ ರೂಮು ಮಾಡುತ್ತೀಯ, ಇನ್ನು ಹಾಗಿಲ್ಲ, ಸಂಜೆಗೆ ಇಬ್ಬರೂ ಮನೆಗೆ ಹೋಗುತ್ತೇವೆ ಅಂದುಕೊಂಡೆ. ಮೇಡಂಗೆ ಸುಳ್ಳು ಹೇಳುವಾಗಲೂ ಅದು ಒಳಗೆ ಇತ್ತು. ಇದನ್ನು ಅಮ್ಮನಿಗೂ ಹೇಳಿಲ್ಲ. ಗುರುವಾರ ಅತ್ತೆಯನ್ನು ಕರೆದುಕೊಂಡು ಹೋಗು, ನಾನು ಬರುವುದಿಲ್ಲ. ಕೆಲಸಕ್ಕೆ ಹೋಗುವವಳಿಗೆ ನಾಲ್ಕು ಜೊತೆಯಾದರೂ ಬಟ್ಟೆ ಬೇಕು, ಹೊಲಿಯಲು ಕೂತಿದ್ದೇನೆ. ನಿನ್ನ ಅಳತೆ ನನಗೆ ಗೊತ್ತು ಅಂತ ಇಷ್ಟು ವರ್ಷ ಕೇಳದೆಯೇ ಕತ್ತರಿ ಹಾಕುತ್ತಿದ್ದೆ. ಈ ಸಲ ನೀನೇ ಬರೆದು ಕಳಿಸು. ನಿಧಾನವಾಗಿ ಬರೆ, ಬಟ್ಟೆ ಮೇಜಿನ ಮೇಲೆ ಹಾಸಿಟ್ಟುಕೊಂಡು ಕಾಯುತ್ತೇನೆ.