ಹುಣಸೆಮರದಡಿ ಮಲಗಿದವರಿಗೊಂದು ವಾಸ ದೃಢೀಕರಣ

ರಾಮನಗರ ಜಿಲ್ಲೆಯಲ್ಲಿ ಕೈಗಾರಿಕೆಗಳಿಗಾಗಿ ಜಮೀನು ವಶಪಡಿಸಿಕೊಳ್ಳುವ ವಿಶೇಷ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮುತ್ತಾತ ಇನ್ನಾಸಪ್ಪನವರು ಹುಟ್ಟೇ ಇಲ್ಲವೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಹುಟ್ಟದವರು ಸಾಯುವುದೂ ಸಾಧ್ಯವಿಲ್ಲವಾದ್ದರಿಂದ ನಮ್ಮ ಹೊಲದ ಹುಣಸೆಮರದ ಬುಡದಲ್ಲಿರುವ ಅವರ ಸಮಾಧಿ ಸಮಾಧಿಯಲ್ಲ, ‘ವಾರಸುದಾರರಿಲ್ಲದ ಕಲ್ಲುಗುಡ್ಡೆ’. ಈ ತಿಂಗಳು, ಅಂದರೆ ೨೦೦೮ರ ಅಕ್ಟೋಬರ್ ಮೂವತ್ತೊಂದರೊಳಗೆ ಮರವನ್ನು ಕಡಿದು ಗುಡ್ಡೆಯನ್ನು ನೆಲಸಮ ಮಾಡಲಾಗುವುದೆಂದು ತಾವು ಸಹಿ ಹಾಕಿದ ನೋಟೀಸು ಹೇಳುತ್ತದೆ. ಹುಟ್ಟದವರ ಮರಿಮಗ ಈ ಪತ್ರವನ್ನು ಹೇಗೆ ಬರೆಯುತ್ತಿದ್ದಾನೆ ಎಂಬ ಅನುಮಾನ ತಮಗೆ ಬಂದಿದ್ದರೆ ಸಂತೋಷ. ನನ್ನ ತಕರಾರೂ ಅದೇ.

ನಾನು ಮೂವತ್ತಾರು ವರ್ಷ ಕನಕಪುರ ರಸ್ತೆಯ ಹಳ್ಳಿಗಳಲ್ಲಿ ಕಾಗದ ಹಂಚಿ ನಿವೃತ್ತನಾದ ಪೋಸ್ಟ್‌ಮ್ಯಾನ್. ‘ಅರಳೀಕಟ್ಟೆ ಹಿಂದ್ಲ ಮನೆ ದೊಡ್ಡಕ್ಕನಿಗೆ’ ಎಂದಷ್ಟೇ ಬರೆದ ಕಾಗದವನ್ನೂ ಹುಡುಕಿ ತಲುಪಿಸಿದ್ದೇನೆ. ತಮ್ಮ ಕಚೇರಿಗೆ ಪೂರ್ತಿ ವಿಳಾಸ ಬರೆದು, ಪಿನ್‌ಕೋಡ್ ಹಾಕಿ, ನಾಲ್ಕು ಸಲ ರಿಜಿಸ್ಟರ್ ಪೋಸ್ಟ್ ಮಾಡಿದೆ. ನಾಲ್ಕೂ ತಲುಪಿವೆ ಎನ್ನುವುದಕ್ಕೆ ಸೀಲು ಬಿದ್ದ ರಸೀದಿಗಳು ನನ್ನ ಹತ್ತಿರ ಇವೆ. ಲಕೋಟೆ ಹರಿಯುವುದೇ ತಮಗೆ ಶ್ರಮವಾಗುತ್ತಿದೆಯೇನೋ ಎಂದು ಈ ಸಲ ಲಕೋಟೆಯೇ ಇಲ್ಲದೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಭಿವೃದ್ಧಿಯ ವಿರೋಧಿಯಲ್ಲ. ನಾಲ್ಕೆಕರೆ ಹಿಪ್ಪುನೇರಳೆ ತೋಟವನ್ನು ತಾವು ಕೇಳಿದಿರಿ, ನಾನು ಒಪ್ಪಿ ಸಹಿ ಹಾಕಿದೆ. ಅದರಲ್ಲಿ ಅರ್ಧ ಗುಂಟೆ ಮಾತ್ರ ಬಿಟ್ಟುಕೊಡಿ ಎಂದು ಕೇಳುತ್ತಿದ್ದೇನೆ. ಕಾರ್ಖಾನೆಯ ನಕ್ಷೆಯನ್ನು ನಾನೂ ನೋಡಿದ್ದೇನೆ. ಆ ಅರ್ಧ ಗುಂಟೆಯಲ್ಲಿ ಯಂತ್ರ ಬರುವುದಿಲ್ಲ, ಗೋದಾಮು ಬರುವುದಿಲ್ಲ. ಅಲ್ಲಿ ಬರುವುದು ‘ಹಸಿರು ಪಟ್ಟಿ’. ಅಂದರೆ ನೂರೈವತ್ತು ವರ್ಷದ ಹುಣಸೆಮರ ಕಡಿದು ಅದೇ ಜಾಗದಲ್ಲಿ ಹುಲ್ಲು ಬೆಳೆಸಿ ಪರಿಸರ ಕಾಪಾಡುತ್ತೀರಿ. ಇಷ್ಟು ಆಳವಾಗಿ ಯೋಚಿಸುವುದು ನಮ್ಮಂಥ ಹಳ್ಳಿಯವರಿಗೆ ಬರುವುದಿಲ್ಲ ಬಿಡಿ.

ಇನ್ನು ನಮ್ಮ ಮುತ್ತಾತ ಇಲ್ಲವಾದ ಬಗೆ. ಜೂನ್ ತಿಂಗಳಲ್ಲಿ ತಮ್ಮ ಗುಮಾಸ್ತರು ಸ್ಥಳ ಮಹಜರಿಗೆ ಬಂದ ದಿನ ನಾನು ಚನ್ನಪಟ್ಟಣದಲ್ಲಿ ಮಗಳು ಸೌಮ್ಯಳ ಮನೆಯಲ್ಲಿದ್ದೆ. ಇಲ್ಲಿದ್ದವರು ಎಂಬತ್ತಮೂರು ವರ್ಷದ ನಮ್ಮ ತಾಯಿ ಜ್ಞಾನಮ್ಮ ಒಬ್ಬರೇ. ಅವರನ್ನು ಮರದ ಹತ್ತಿರ ಕರೆದುಕೊಂಡು ಹೋಗಿ ಗುಮಾಸ್ತರು ವಿಚಾರಣೆ ನಡೆಸಿದರು. ಅಲ್ಲಿ ನಡೆದ ಮಾತನ್ನು ನಮ್ಮ ತಾಯಿಯೇ ನನಗೆ ಹೇಳಿದ್ದಾರೆ.

“ಯಾರ್ದಜ್ಜೀ ಈ ಗೋರಿ?”

“ನಮ್ಮೋರ್ದೇ ಕಣಪ್ಪ. ನಮ್ ಎಜಮಾನ್ರ ತಾತುಂದು.”

“ಹೆಸ್ರೇನು ಅವರ್ದು?”

“ಅದ ನಾನೆಂಗಪ್ಪ ಹೇಳ್ಲಿ? ನನ್ ಮಗ ನಾಳಿಕ್ ಬತ್ತಾನೆ, ಅವುನ್ನ ಕೇಳು.”

“ನಾಳೆ ಬರಕ್ಕೆ ನಂಗೆ ಬೇರೆ ಕೆಲ್ಸ ಇಲ್ವಾ? ಗೊತ್ತಿದ್ರೆ ಹೇಳಿ, ಇಲ್ದಿದ್ರೆ ಬುಡಿ.”

“ನನ್ ಬಾಯಲ್ಲಿ ಬರಂಗಿಲ್ಲ ಕಣಪ್ಪ.”

ಗುಮಾಸ್ತರು ಬರೆದುಕೊಂಡರು: ‘ಸ್ಥಳದಲ್ಲಿದ್ದ ವೃದ್ಧೆಗೆ ಮೃತರ ಹೆಸರು ತಿಳಿದಿರುವುದಿಲ್ಲ. ವಾರಸುದಾರರು ಇರುವುದಿಲ್ಲ.’ ಕೆಳಗೆ ನಮ್ಮ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಅಂದಿನಿಂದ ನಾನು ಯಾವ ಆಕ್ಷೇಪಣೆ ಸಲ್ಲಿಸಿದರೂ ಆ ಹೆಬ್ಬೆಟ್ಟನ್ನೇ ತೋರಿಸುತ್ತಾರೆ. “ನಿಮ್ಮ ತಾಯಿನೇ ಒಪ್ಕೊಂಡಿದಾರಲ್ಲ ಸ್ವಾಮಿ!”

ಮಾನ್ಯರೇ, ನಮ್ಮ ಮನೆಯಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಮುತ್ತಾತನ ಹೆಸರೇ ನಮ್ಮ ತಂದೆಗೂ ಇತ್ತು. ಗಂಡನ ಹೆಸರನ್ನು ಹೆಂಡತಿ ಬಾಯಿ ಬಿಟ್ಟು ಹೇಳುವುದಿಲ್ಲ ಎಂಬುದು ಈ ಸೀಮೆಯ ಮನೆಮನೆಗೂ ಗೊತ್ತು. ನಾವು ಶಿಲುಬೆಗೆ ಕೈಮುಗಿಯುವವರು, ನಿಜ. ಆದರೆ ಗಂಡನ ಹೆಸರು ಕೂಗಿ ಕರೆಯುವ ಧೈರ್ಯವನ್ನು ನಮ್ಮ ಹೆಂಗಸರಿಗೆ ಯಾವ ಪಾದ್ರಿಯೂ ಉಪದೇಶಿಸಿಲ್ಲ. ನಮ್ಮ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು ಪ್ರಾರ್ಥಿಸುವಾಗ ಆ ಹೆಸರಿನ ಸಂತರ ಸರದಿ ಬಂದರೆ ನಮ್ಮ ತಾಯಿ ಕೆಮ್ಮುತ್ತಾರೆ. ಅರವತ್ತೆಂಟು ವರ್ಷದಿಂದ ಕೆಮ್ಮಿದ್ದಾರೆ. ದೇವರಿಗೇ ಅರ್ಥವಾದದ್ದು ತಮ್ಮ ಗುಮಾಸ್ತರಿಗೆ ಅರ್ಥವಾಗಲಿಲ್ಲ. ಅವರೇನು ಬೇರೆ ಲೋಕದಿಂದ ವರ್ಗವಾಗಿ ಬಂದವರೇ? ಮಾಗಡಿ ತಾಲ್ಲೂಕಿನವರೇ ಅಲ್ಲವೇ? ಅವರ ತಾಯಿ ರೇಷನ್ ಕಾರ್ಡು ಮಾಡಿಸುವಾಗ ಗಂಡನ ಹೆಸರು ಹೇಳಿ ಎಂದರೆ ಪಕ್ಕದಲ್ಲಿದ್ದವರ ಮುಖ ನೋಡಲಿಲ್ಲವೇ?

ಮೊದಲ ಆಕ್ಷೇಪಣೆಗೇ ತಮ್ಮ ಕಚೇರಿ ಮುತ್ತಾತನ ಜನನ ದಾಖಲೆ ಕೇಳಿತು. ನಮ್ಮ ಮನೆಯ ಮಾತಿನ ಪ್ರಕಾರ ಅವರು ಧಾತು ಈಶ್ವರ ಬರದ ಕಾಲದಲ್ಲಿ, ಅಂದರೆ ೧೮೭೬-೭೭ರ ಸುಮಾರಿಗೆ, ಬೇರೆ ಸೀಮೆಯಿಂದ ಬಂದವರು ಎಂದು ಬರೆದೆ. ಹಾಗಿದ್ದರೆ ಮೂಲಸ್ಥಳದ ದಾಖಲೆ ಮತ್ತು ಈ ಜಿಲ್ಲೆಯಲ್ಲಿ ನೆಲೆಸಿದ್ದಕ್ಕೆ ವಾಸ ದೃಢೀಕರಣ ತನ್ನಿ ಎಂದಿರಿ. ಸ್ವಾಮಿ, ಈ ಜಿಲ್ಲೆ ಹುಟ್ಟಿದ್ದು ಹೋದ ವರ್ಷ. ಇನ್ನೂ ನೆಟ್ಟಗೆ ನಾಮಫಲಕ ಬಿದ್ದಿಲ್ಲ. ಹದಿನಾಲ್ಕು ತಿಂಗಳ ಕೂಸು ನೂರಮೂವತ್ತೊಂಬತ್ತು ವರ್ಷ ಹಿಂದೆ ಹುಟ್ಟಿದವರನ್ನು ‘ನೀನು ನನ್ನಲ್ಲಿ ವಾಸವಿದ್ದೆಯಾ?’ ಎಂದು ಕೇಳಿದರೆ ಅವರು ಏನು ಹೇಳಬೇಕು?

ಆದರೂ ಹುಡುಕಿದೆ. ನಮ್ಮ ಭಾಗದ ಹಳೆಯ ಚರ್ಚಿನ ಬೀರುವಿನಲ್ಲಿ ಜ್ಞಾನಸ್ನಾನದ ರಿಜಿಸ್ಟರುಗಳಿವೆ. ಕೆಲವನ್ನು ಗೆದ್ದಲು ನನಗಿಂತ ಮುಂಚೆ ಓದಿ ಮುಗಿಸಿತ್ತು. ಉಳಿದವನ್ನು ಈಗಿನ ಫಾದರ್ ಮತ್ತು ನಾನು ಹನ್ನೊಂದು ದಿನ ಕೂತು ತಿರುವಿದೆವು. ಬರೆದವರು ಫ್ರಾನ್ಸ್ ದೇಶದಿಂದ ಬಂದಿದ್ದ ಪಾದ್ರಿ, ಬರೆದ ಭಾಷೆ ಲ್ಯಾಟಿನ್, ಬಣ್ಣ ಹೋದ ಶಾಯಿ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಕಥೆಯೇನೆಂದರೆ, ಮುತ್ತಾತ ಕುದುರೆ ಏರಿ ಬಂದರು, ಸೊಂಟದಲ್ಲಿ ಕತ್ತಿ ಇತ್ತು, ಯಾವುದೋ ಪಾಳೆಯಗಾರರ ಕಡೆಯವರು. ನಾನು ಆ ಕುದುರೆಯನ್ನು ಹುಡುಕುತ್ತಿದ್ದೆ. ಹನ್ನೊಂದನೆಯ ದಿನ ಫಾದರ್ ಒಂದು ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಕನ್ನಡ ಮಾಡಿ ಓದಿದರು:

‘೧೮೭೭, ಅಕ್ಟೋಬರ್. ಕಾನಕಾನಹಳ್ಳಿ ತಾಲ್ಲೂಕು. ಸುಮಾರು ಎಂಟು ವರ್ಷದ ಹುಡುಗ. ಕಾವೇರಿಯ ಆಚೆಯಿಂದ ನಡೆದು ಬಂದವನು. ತಂದೆತಾಯಿ ದಾರಿಯಲ್ಲಿ ಹಸಿವಿನಿಂದ ಸತ್ತರು. ತಂಗಿಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದನು. ಅವಳು ಹುಣಸೆಮರದ ಕೆಳಗೆ ತೀರಿಕೊಂಡಳು. ನಾನೇ ಮಣ್ಣು ಮಾಡಿದೆ. ಹುಡುಗ ಆ ಜಾಗ ಬಿಟ್ಟು ಏಳಲು ಒಪ್ಪಲಿಲ್ಲ. ಮೂರು ದಿನ ಅಲ್ಲಿಗೇ ಗಂಜಿ ಕಳಿಸಿದೆ. ಇಗ್ನೇಷಿಯಸ್ ಎಂದು ಹೆಸರಿಟ್ಟೆ.’

ಆ ಇಗ್ನೇಷಿಯಸ್ಸೇ ನಮ್ಮೆಲ್ಲರ ಬಾಯಲ್ಲಿ ಇನ್ನಾಸಪ್ಪ. ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ಬೆನ್ನ ಮೇಲೊಂದು ಮಗು. ೧೯೪೧ರ ಮರಣದ ರಿಜಿಸ್ಟರಿನಲ್ಲೂ ಸಾಲು ಸಿಕ್ಕಿತು: ‘ಇನ್ನಾಸಪ್ಪ, ರೈತ. ಅವರೇ ಕೇಳಿಕೊಂಡಂತೆ ಸ್ವಂತ ಹೊಲದ ಹುಣಸೆಮರದ ಕೆಳಗೆ ಸಮಾಧಿ.’ ಊರಿಗೆ ಕ್ರೈಸ್ತರ ಸ್ಮಶಾನವಿದ್ದರೂ ಅವರು ಅಲ್ಲೇ ಏಕೆ ಮಲಗಿದರೆಂದು ನಮಗೆ ತಿಳಿದಿರಲಿಲ್ಲ. ಅವರು ಯಾರಿಗೂ ಹೇಳಿಕೊಂಡವರಲ್ಲ. ಸಮಾಧಿಯ ಪಕ್ಕದಲ್ಲೊಂದು ಚಿಕ್ಕ ಕಲ್ಲಿದೆ. ಮೇಣದಬತ್ತಿ ಇಡುವುದಕ್ಕೆಂದು ಹಾಕಿದ್ದಾರೆ ಎಂದುಕೊಂಡಿದ್ದೆವು. ಪ್ರತಿ ವರ್ಷ ನವೆಂಬರ್ ಎರಡರಂದು, ಸತ್ತವರ ಹಬ್ಬದ ದಿನ, ಸಮಾಧಿ ತೊಳೆದು ಚೆಂಡುಹೂ ಹಾಕಿ, ಆ ಚಿಕ್ಕ ಕಲ್ಲಿನ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದವನು ನಾನೇ. ಐವತ್ತು ವರ್ಷದಿಂದ ಆ ಮಗುವಿನ ತಲೆಯ ಮೇಲೆ ಮೇಣ ಸುರಿಸಿದ್ದೇನೆ. ಫಾದರ್ ಮುಂದೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ. ತಮ್ಮ ಕಚೇರಿ ದಾಖಲೆ ಕೇಳದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ. ಆ ಮಟ್ಟಿಗೆ ತಮಗೆ ನಾನು ಋಣಿ, ಇದರಲ್ಲಿ ವ್ಯಂಗ್ಯವೇನೂ ಇಲ್ಲ.

ಫಾದರ್ ಸಹಿ ಹಾಕಿದ ಪ್ರತಿಗಳನ್ನು ಹಿಡಿದುಕೊಂಡು ತಮ್ಮ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು ಅವನ್ನು ತಿರುಗಿಸಿ ಮುರುಗಿಸಿ ನೋಡಿ ಮೂರು ಆಕ್ಷೇಪ ಎತ್ತಿದರು. ಲ್ಯಾಟಿನ್ ಭಾಷೆಗೆ ಸರ್ಕಾರಿ ಅನುವಾದಕರ ಸೀಲು ಬೇಕು. ಕಾನಕಾನಹಳ್ಳಿ ಎಂಬ ತಾಲ್ಲೂಕು ಕಂಪ್ಯೂಟರಿನಲ್ಲಿ ಇಲ್ಲ. ಕನಕಪುರದ ಹಳೆಯ ಹೆಸರು ಅದೇ, ತಾವು ಕೂತಿರುವ ರಾಮನಗರವೇ ಆಗ ಕ್ಲೋಸ್‌ಪೇಟೆ ಆಗಿತ್ತು ಎಂದೆ. “ಅದ್ನೂ ಬರವಣಿಗೇಲಿ ಕೊಡಿ,” ಎಂದರು. ಮೂರನೆಯದು ಕಿರೀಟದಂಥದ್ದು: “ಇದ್ನ ಬರ್ದಿರೋ ಪಾದ್ರಿ ಗೆಜೆಟೆಡ್ ಆಫೀಸರ್ರಾ?”

ಅಲ್ಲ ಸ್ವಾಮಿ. ಅವರು ಗೆಜೆಟೆಡ್ ಅಧಿಕಾರಿಯಲ್ಲ. ಅದಕ್ಕೇ ಇರಬೇಕು, ಎಲ್ಲಿಂದಲೋ ಬಂದ ಅನಾಥ ಹುಡುಗನ ವಿಚಾರಣೆಯನ್ನು ಮೂರೇ ದಿನದಲ್ಲಿ ಮುಗಿಸಿ, ಕಂಡದ್ದನ್ನು ಕಂಡ ಹಾಗೆ ಬರೆದರು. ಹುಡುಗನ ಭಾಷೆ ಅವರದಲ್ಲ, ಅವರ ಭಾಷೆ ಹುಡುಗನದಲ್ಲ. ಆದರೂ ‘ತಿಳಿದಿರುವುದಿಲ್ಲ’ ಎಂದು ಬರೆದು ಎದ್ದುಹೋಗಲಿಲ್ಲ. ತಮ್ಮ ಗುಮಾಸ್ತರಿಗೂ ನಮ್ಮ ತಾಯಿಗೂ ಒಂದೇ ಭಾಷೆ.

ನಮ್ಮ ಜಮೀನಿಗೆ ಬರುತ್ತಿರುವ ಕಂಪನಿಯೂ ಹೊರಗಿನಿಂದ ಬಂದದ್ದೇ. ಏಳು ಸಮುದ್ರ ದಾಟಿ ಬಂದಿದೆ. ಅದರ ಮುತ್ತಾತನ ಜನನ ದಾಖಲೆಯನ್ನು ತಾವು ಕೇಳಿದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ಅದಕ್ಕೆ ಶಾಮಿಯಾನ ಹಾಕಿದಿರಿ, ಮೈಸೂರು ಪೇಟ ತೊಡಿಸಿದಿರಿ, ಚನ್ನಪಟ್ಟಣದ ಬಣ್ಣದ ಗೊಂಬೆ ಕೊಟ್ಟು ಫೋಟೋ ತೆಗೆಸಿಕೊಂಡಿರಿ. ಎಲ್ಲ ಕೆಲಸವೂ ಒಂದೇ ಕಿಟಕಿಯಲ್ಲಿ ಆಗುತ್ತದಂತೆ, ಅದಕ್ಕೆ ಏಕಗವಾಕ್ಷಿ ಎನ್ನುತ್ತಾರಂತೆ. ನಾನು ಈವರೆಗೆ ಹನ್ನೆರಡು ಕಿಟಕಿ ನೋಡಿದ್ದೇನೆ, ಅದರಲ್ಲಿ ಐದು ಊಟದ ಸಮಯಕ್ಕೆ ಮುಚ್ಚಿ ಇನ್ನೂ ತೆರೆದಿಲ್ಲ. ಹೊರಗಿನಿಂದ ಬಂದವರನ್ನು ಆದರಿಸಬೇಕು, ಅದರಲ್ಲಿ ನನ್ನ ಎರಡು ಮಾತಿಲ್ಲ. ಬರಿಗೈಯಲ್ಲಿ ಬಂದವರಿಗೂ ಅದೇ ಕಿಟಕಿ ತೆರೆಯುತ್ತದೆಯೇ ಎಂದಷ್ಟೇ ಕೇಳುತ್ತಿದ್ದೇನೆ.

ಈಗ ಹೋದ ಸೋಮವಾರದ ವಿಷಯ ಹೇಳಿ ಮುಗಿಸುತ್ತೇನೆ. ನೋಟೀಸು ಬಂದ ದಿನದಿಂದ ನಮ್ಮ ತಾಯಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ತಾನು ಮದುವೆಯಾಗಿ ಬಂದ ವರ್ಷ ಆ ಹಿರಿಯರು ಬದುಕಿದ್ದರು, ಕೊನೆಯ ಗುಟುಕು ನೀರನ್ನು ತಾನೇ ಕುಡಿಸಿದ್ದು, ತನ್ನ ಬಾಯಿಂದಲೇ ಅವರು ಹೆಸರಿಲ್ಲದವರಾದರು ಎಂಬ ಕೊರಗು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರು, “ನಾಳೆ ನನ್ನ ಆ ಆಪೀಸಿಗೆ ಕರ್ಕೊಂಡೋಗ್ಲಾ,” ಎಂದರು.

ಬಸ್ಸಿನಲ್ಲಿ ಬಂದೆವು. ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತೆವು. ಅದೇ ಗುಮಾಸ್ತರು ತಲೆಯೆತ್ತಿ, “ಏನಜ್ಜಿ?” ಎಂದರು. ನಮ್ಮ ತಾಯಿ ಎದ್ದು ನಿಂತು, ಸೆರಗನ್ನು ತಲೆಗೆ ಹೊದ್ದು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿದರು:

“ಇನ್ನಾಸಪ್ಪ.”

ಮಾನ್ಯರೇ, ನಮ್ಮ ತಂದೆ ಹೋಗಿ ಹತ್ತೊಂಬತ್ತು ವರ್ಷವಾಯಿತು. ಒಂದು ಸಲವೂ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳದೆ ಹೋದರು. ಅವರಿಗೆ ಸಿಗದಿದ್ದುದು ತಮ್ಮ ಗುಮಾಸ್ತರಿಗೆ ಸಿಕ್ಕಿತು. ಅವರು ಪೆನ್ನು ಎತ್ತಲಿಲ್ಲ. “ಆಯ್ತಜ್ಜಿ, ಬಾಯಲ್ಲಿ ಹೇಳಿದ್ರೆ ಆಗಲ್ಲ, ಅರ್ಜಿ ಬರ್ದು ಕೊಡಿ,” ಎಂದು ಚಹಾ ಕುಡಿಯಲು ಎದ್ದರು. ನಮ್ಮ ತಾಯಿಗೆ ಕಿವಿ ಮಂದ. ಆ ಮಾತು ಅವರಿಗೆ ಕೇಳಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತೋಳು ಹಿಡಿದು, “ಬರ್ಕಂಡ್ನೇನ್ಲಾ?” ಎಂದು ಕೇಳಿದರು.

“ಬರ್ಕಂಡ ಕಣವ್ವ,” ಎಂದೆ.

ಆ ರಾತ್ರಿ ಹೊಟ್ಟೆ ತುಂಬ ಉಂಡರು. ಸತ್ತವರ ಹಬ್ಬಕ್ಕೆ ಈ ಸಲ ಎರಡು ಹಾರ ತರಬೇಕು, ಚಿಕ್ಕ ಕಲ್ಲಿಗೂ ಒಂದು, ಎಂದು ಹೇಳಿ ಮಲಗಿದರು.

ನನ್ನ ಬೇಡಿಕೆ ಇಷ್ಟೇ. ತಮ್ಮ ಕಡತ ತೆಗೆಸಿ, ‘ತಿಳಿದಿರುವುದಿಲ್ಲ’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ಆ ಹೆಸರು ಬರೆಸಿ. ಕಾಂಪೌಂಡ್ ಗೋಡೆಯನ್ನು ಮರದಿಂದ ಈಚೆಗೆ ತಿರುಗಿಸಿ ಕಟ್ಟಿಸಿ. ಎರಡು ಕಲ್ಲು ಅಲ್ಲೇ ಇರಲಿ. ಅಕ್ಟೋಬರ್ ಮೂವತ್ತೊಂದಕ್ಕೆ ಇನ್ನು ಒಂಬತ್ತು ದಿನ ಉಳಿದಿದೆ. ಎಂಬತ್ತಮೂರು ವರ್ಷದ ತಾಯಿಗೆ ನಾನು ಹೇಳಿರುವ ಸುಳ್ಳನ್ನು ಅಷ್ಟರೊಳಗೆ ನಿಜ ಮಾಡಿಕೊಡಿ.

ಇಂತಿ,
ಮೂವತ್ತಾರು ವರ್ಷ ತಲುಪದ ಕಾಗದವನ್ನು ತಲುಪಿತೆಂದು ಒಮ್ಮೆಯೂ ಹೇಳದೆ, ಹೋದ ಸೋಮವಾರ ಮೊದಲ ಸಲ ಹಾಗೆ ಹೇಳಿದ
ಬಾಲರಾಜು,
ನಿವೃತ್ತ ಪೋಸ್ಟ್‌ಮ್ಯಾನ್
(ತಂದೆ: ಇನ್ನಾಸಪ್ಪ. ತಾತ: ರಾಯಪ್ಪ. ಮುತ್ತಾತ: ತಮ್ಮ ಪರಿಶೀಲನೆಯಲ್ಲಿದ್ದಾರೆ.)