ಮೂವತ್ತನೇ ನಂಬರಿನ ಕಂದು ನೂಲು

ಮನೆಯಿಂದ,
ಫೆಬ್ರವರಿ ೧೭, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಸೊಸೆಗೆ, ನಿನ್ನ ಮಾವ ಮನಸಾರೆ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ಡಾಕ್ಟರು ಹೇಳಿದ ಹಾಗೆ ಎಡಮಗ್ಗುಲಾಗಿ ಮಲಗುತ್ತಿದ್ದೀಯೋ, ಇಲ್ಲಾ ದಿಂಬಿನಡಿ ನೋಟುಪುಸ್ತಕ ಬಚ್ಚಿಟ್ಟುಕೊಂಡು ನರ್ಸಮ್ಮನ ಕಣ್ಣು ತಪ್ಪಿಸಿ ಬರೆಯುತ್ತಿದ್ದೀಯೋ? ಹೆರಿಗೆಗೆ ಇನ್ನು ಆರು ವಾರ. ಅಲ್ಲಿಯವರೆಗೆ ಆ ಆಸ್ಪತ್ರೆಯ ಮಂಚವೇ ನಿನ್ನ ಹೊಲ ಎಂದುಕೊಂಡು ಸುಮ್ಮನಿರು. ನಿನ್ನ ಗಂಡ ಶನಿವಾರ ಬರುತ್ತಾನೆ. ನಿನ್ನೆ ನಿನ್ನತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ನಿನ್ನ ಹತ್ತಿ ಪಾಸಾಯ್ತು ಕಣೇ, ಇನ್ನು ನೆಮ್ಮದಿಯಾಗಿ ಮಲ್ಗು" ಎಂದು ಕೂಗಿ ಇಟ್ಟೇಬಿಟ್ಟಳು. ನೂಲಿನ ಗಿರಣಿಯಲ್ಲಿ ಮೂವತ್ತೆರಡು ವರ್ಷ ಮೇಸ್ತ್ರಿಯಾಗಿದ್ದವನು ನಾನು, ಸುದ್ದಿ ಹೇಳುವ ಸುಖ ಮಾತ್ರ ಅವಳಿಗೆ! ಅದಕ್ಕೇ ನಡೆದದ್ದನ್ನೆಲ್ಲ ಬರೆಯಲು ಕೂತಿದ್ದೇನೆ.

ಪರೀಕ್ಷೆಯ ದಿನ ನಿನ್ನ ಹತ್ತಿಯ ಮೂಟೆಯ ಜೊತೆ ನಾನೇ ವ್ಯಾನಿನಲ್ಲಿ ಹೋದೆ. ನಿಮ್ಮ ಹತ್ತಿ ಸಂಶೋಧನಾ ಕೇಂದ್ರದ ನಿರ್ದೇಶಕರು ಆಗಲೇ ಗಿರಣಿಯಲ್ಲಿದ್ದರು. "ಈ ಸಲವೂ ಅಂಗಿ ಬಟ್ಟೆಗಾಗುವ ಮೂವತ್ತನೇ ನಂಬರಿನ ಸಣ್ಣ ನೂಲು ಬರದಿದ್ರೆ ಕಂದು ಹತ್ತಿಯ ಸಹವಾಸ ಸಾಕು, ಆ ಹೊಲಕ್ಕೆ ಬಿಳಿ ಹತ್ತಿ ಹಾಕೋಣ" ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಬಣ್ಣವನ್ನೇ ಹಾಕದೆ ಗಿಡದಲ್ಲೇ ಕಂದಾಗಿ ಅರಳುವ ಹತ್ತಿ. ಎಳೆ ಮಾತ್ರ ಗಿಡ್ಡ, ಬಲ ಸಾಲದು. ಅದನ್ನು ಸರಿಪಡಿಸಲು ನೀನು ಒಂಬತ್ತು ವರ್ಷ ಬಿಳಿ ಹತ್ತಿಯ ಜೊತೆ ಕೂಡಿಸಿದೆ, ಪರಾಗ ಸೇರಿಸಲು ಮೊಗ್ಗು ಮೊಗ್ಗನ್ನೂ ಉಗುರಿನಿಂದ ಬಿಡಿಸಿದೆ. ಅದೆಲ್ಲ ಒಂದು ಬೆಳಗಿನ ಮೇಲೆ ನಿಂತಿತ್ತು.

ಯಂತ್ರ ಓಡಿತು. ಕಾಲು ಗಂಟೆಯೊಳಗೆ ನೂಲು ಪಟಪಟನೆ ಹರಿಯತೊಡಗಿತು. ತುಂಡಾದ ನೂಲು ಸೇರಿಸುವ ಹೆಂಗಸು ಓಡಾಡಿ ಓಡಾಡಿ ಬೆವೆತುಹೋದಳು. ನನ್ನ ಕೈಕೆಳಗೇ ಪಳಗಿದ ಈಗಿನ ಮೇಸ್ತ್ರಿ, "ನಾನು ಮೊದ್ಲೇ ಹೇಳ್ಲಿಲ್ವಾ ಯಜಮಾನ್ರೇ?" ಎಂದು ನಕ್ಕ. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು.

ಬಗ್ಗಿ ನೋಡಿದರೆ, ರೋಲರುಗಳ ನಡುವಿನ ಅಂತರ ಉದ್ದ ಎಳೆಯ ಬಿಳಿ ಹತ್ತಿಗೆ ಇಟ್ಟದ್ದು ಹಾಗೇ ಇದೆ! ನಿನ್ನ ಎಳೆ ಒಂದು ರೋಲರು ಬಿಟ್ಟ ಮೇಲೆ ಇನ್ನೊಂದು ಹಿಡಿಯುವ ತನಕ ದಿಕ್ಕಿಲ್ಲದೆ ತೇಲುತ್ತಿತ್ತು. ಎಷ್ಟು ಅಂತರವಿರಬೇಕೆಂದು ನಿನ್ನ ಟಿಪ್ಪಣಿಯ ನಾಲ್ಕನೇ ಪುಟದಲ್ಲಿ ನೀನು ಬರೆದೇ ಇದ್ದೆ; ಪುಟ ತಿರುಗಿಸುವ ಪುರುಸೊತ್ತು ಯಾರಿಗಿತ್ತು? "ನಿಲ್ಸಯ್ಯಾ, ಸ್ಪ್ಯಾನರ್ ಕೊಡು" ಎಂದೆ. "ಮ್ಯಾನೇಜರು ನನ್ನ ಸುಮ್ನೆ ಬಿಡಲ್ಲ" ಎಂದ. "ಮುದುಕನಿಗೆ ತಲೆ ಕೆಟ್ಟಿತ್ತು ಅಂತ ಹೇಳು" ಎಂದು ನಾನೇ ನೆಲದ ಮೇಲೆ ಕೂತೆ. ಎದ್ದಾಗ ಮಂಡಿ ಹಿಡಿದುಕೊಂಡಿತು, ಆದರೆ ಅಂತರ ನೀನು ಬರೆದಷ್ಟೇ, ಕೂದಲೆಳೆ ಹೆಚ್ಚಿಲ್ಲ ಕಮ್ಮಿಯಿಲ್ಲ.

ಮತ್ತೆ ಯಂತ್ರ ಓಡಿತು. ಹತ್ತು ನಿಮಿಷ. ಅರ್ಧ ಗಂಟೆ. ಸಾಲು ಸಾಲು ಕದಿರುಗಳ ಮೇಲೆ ಕಂದು ನೂಲು ಗುಂಡಗೆ ತುಂಬುತ್ತಾ ಬಂತು. ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಸಾರ್, ನನಗೆ ಕೆಲಸಾನೇ ಇಲ್ವಲ್ಲ!" ಎಂದಳು. ಇಡೀ ಶೆಡ್ಡು ನಕ್ಕಿತು ಮಗಳೇ. ನೂಲಿನ ಬಲ ಅಳೆದಾಗ ನಿರ್ದೇಶಕರು ನಂಬದೆ, "ಇನ್ನೊಂದ್ಸಲ ಹಾಕಿ" ಎಂದರು. ಮೂರು ಸಲ ಹಾಕಿದರೂ ಅದೇ ಅಂಕಿ. ಆಮೇಲೆ ಅಲ್ಲೇ ಸಹಿ ಮಾಡಿದರು. ಮುಂದಿನ ಬಿತ್ತನೆಗೆ ಐದು ಹೊಲ, ಮುಖ್ಯಸ್ಥೆ ನೀನು! ನಾನು ತಂದ ನೂಲಿನ ಉಂಡೆಯನ್ನು ನಿನ್ನತ್ತೆ ತಿರುಗಿಸಿ ನೋಡಿ, "ಒಗೆದಿಲ್ವಾ ಇದನ್ನ?" ಎಂದಳು. ಬಣ್ಣವೇ ಅದು ಎಂದು ತಿಳಿಸಿದ ಮೇಲೆ ಅಕ್ಕಪಕ್ಕದ ನಾಲ್ಕು ಮನೆಗೆ ತೋರಿಸಿ ಬಂದಿದ್ದಾಳೆ.

ಹೊತ್ತಿಗೆ ಸರಿಯಾಗಿ ತಿನ್ನು. ನಿನಗೂ ಬರಲಿರುವ ಮಗುವಿಗೂ ನೂರು ವರ್ಷ ಆಯಸ್ಸಿರಲಿ.

ನಿನ್ನ ಗೆಲುವಿನಲ್ಲಿ ಬೀಗುತ್ತಿರುವ,
ಮಾವ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಇಲ್ಲಿಗೆ ಉಳಿಸಿಕೊಂಡದ್ದು: ಆರು ವರ್ಷದ ಕೆಳಗೆ, ನೀನಿನ್ನೂ ನಮಗೆ ಯಾರೆಂದೇ ಗೊತ್ತಿಲ್ಲದಾಗ, ನಿನ್ನ ಮೊದಲ ಕಂದು ಹತ್ತಿ ನಮ್ಮ ಗಿರಣಿಗೆ ಬಂದಿತ್ತು. "ನೂಲಲು ಯೋಗ್ಯವಲ್ಲ" ಎಂದು ಬರೆದು ಕಳಿಸಿದವನು ನಾನು. ಯಂತ್ರಕ್ಕೆ ಹಾಕಿರಲಿಲ್ಲ, ಬಣ್ಣ ನೋಡಿಯೇ ಬರೆದೆ. ಆ ಮಾತು ನಂಬಿ ನೀನು ಮೂರು ವರ್ಷ ಸಾಕಿದ ಗಿಡಗಳನ್ನು ಕಿತ್ತು ಹೊಸದಾಗಿ ಶುರುಮಾಡಿದೆ ಎಂದು ನೀನು ಸೊಸೆಯಾಗಿ ಬಂದ ಮೇಲೆ ತಿಳಿಯಿತು, ಆದರೂ ಮುಚ್ಚಿಟ್ಟೆ. ಇವತ್ತು ಬೆಳಿಗ್ಗೆ ನಿಮ್ಮ ನಿರ್ದೇಶಕರಿಗೆ ಇದನ್ನು ಬರೆದು ಕೊಟ್ಟು ಬಂದೆ. ಇದನ್ನು ಕೇಳಿದಾಗಿನಿಂದ ನಿನ್ನತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನೀನು ಎಷ್ಟು ಬೈದರೂ ಸರಿಯೇ. ಐದು ಹೊಲದ ಹತ್ತಿ ನೂಲುವ ದಿನ ನನ್ನನ್ನು ಗಿರಣಿಯೊಳಕ್ಕೆ ಬಿಡುತ್ತೀಯೋ ಇಲ್ಲವೋ, ಅಷ್ಟು ಮಾತ್ರ ಶನಿವಾರ ಗಂಡನ ಕೈಯಲ್ಲಿ ಬರೆದು ಕಳಿಸು.