ಬೈರಮಂಗಲದ ಬೀದಿ, ಎರಡು ಬೆರಳು

೧೫ ಜೂನ್ ೨೦೦೮, ಭಾನುವಾರ

ಬೆಳಿಗ್ಗೆ ಕೈ ಕಸರತ್ತಿಗೆ ಅಂತ ಹೆಂಡತಿ ಮುಂದೆ ರಾಗಿ ಕಾಳಿನ ಬಟ್ಟಲು ಇಟ್ಟೆ. ಬೈರಮ್ಮ ಬಲಗೈ ಅದ್ದಿದಳು, ಒಂದೆರಡು ಸಲ ಹಿಸುಕಿದಳು, ಆಮೇಲೆ ಎಡಗೈಯಿಂದ ಬಟ್ಟಲನ್ನೇ ತಳ್ಳಿದಳು. ಮನೆ ತುಂಬ ರಾಗಿ. ಗುಡಿಸಿದವನು ನಾನು. ಚೆನ್ನಾಗಿ ಬೈದೆ.

"ಲಕ್ವ ನಿಮ್ ಬಾಯ್ಗೆ ಹೊಡೀಬೇಕಿತ್ತು. ದಾರಿ ತಪ್ಪಿ ನನ್ ಕೈಗೆ ಹೊಡೀತು" ಅಂದಳು.

ಯುಗಾದಿ ಆದ ಮರುವಾರ ಲಕ್ವ ಹೊಡೆದು ಬಿದ್ದವಳು. ಮಾತು ಬೇಗ ವಾಪಸ್ ಬಂತು. ಅದು ಬರದೆ ಇರುತ್ತದೆಯೆ? ಕೈ ಬರಲಿಲ್ಲ. ಮುಷ್ಟಿ ಕಟ್ಟಿಕೊಂಡಿದೆ. ಮೊದಲ ಎರಡು ಬೆರಳು ಮಾತ್ರ ಒಸಿ ಆಡುತ್ತವೆ, ಅದೂ ಜೋಡಿಯಾಗಿ, ಅಂಟಿಸಿದ ಹಾಗೆ. ಈ ಮಳೆಗಾಲದೊಳಗೆ ಬರದೆ ಹೋದರೆ ಆಮೇಲೆ ಕಷ್ಟ ಅಂದಿದ್ದಾರೆ ಡಾಕ್ಟರು. ಎಡಗೈ ಸೆರಗಿನೊಳಗೆ ಇಡಿ, ಬಲಗೈಲೇ ಮಾಡಿಸಿ, ದಿನಾ ಬರೆದಿಡಿ ಅಂದರು. ಬರೆಯುತ್ತಿದ್ದೇನೆ. ಅವರು ಇದನ್ನು ಕೇಳುವುದಿಲ್ಲ, ನಾನೂ ತೋರಿಸುವುದಿಲ್ಲ.

೨೨ ಜೂನ್, ಭಾನುವಾರ

ಕನಕಪುರದಿಂದ ಮಗಳು ಭಾನುಪ್ರಿಯ ಬಂದಿದ್ದಳು. ಅಳಿಯನ ಹಳೇ ಲ್ಯಾಪ್‌ಟಾಪ್ ತಂದಳು. ಒಳ್ಳೇ ಚಪ್ಪಡಿಕಲ್ಲಿನಷ್ಟು ದಪ್ಪ. ಬ್ಯಾಟರಿ ಸತ್ತಿದೆ. ಕರೆಂಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹುಡುಗಿ ಒಂದು ಕೆಲಸ ಮಾಡಿದ್ದಾಳೆ. ಬೈರಮಂಗಲಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಿಂದ ಕೆರೆ ಏರಿಯವರೆಗೆ ನಡೆದು, ಪ್ರತಿ ಮನೆಯ ಫೋಟೋ ತೆಗೆದು, ಒಂದರ ಕೆಳಗೊಂದು ಉದ್ದಕ್ಕೆ ಜೋಡಿಸಿದ್ದಾಳೆ. "ಅವ್ವಾ, ನಿನ್ ತೌರು ನೋಡು."

ಬೈರಮ್ಮ ಎದ್ದು ಕೂತಳು. ಯಾರೂ ಎಬ್ಬಿಸಲಿಲ್ಲ.

ಬೀದಿಯಲ್ಲಿ ಮುಂದೆ ಹೋಗಬೇಕಾದರೆ ಒಂದು ಬೆರಳಲ್ಲಿ ಬಟನ್ ಒತ್ತಿ ಹಿಡಿದು, ಇನ್ನೊಂದರಲ್ಲಿ ಪಕ್ಕದ ಪಟ್ಟಿ ಎಳೆಯಬೇಕು. ಅವಳ ಕೈಲಾಗದು. ನಾನು ಎಳೆದೆ.

"ನಿಧಾನ! ಇದೇನ್ ಬಿಡದಿ ಬಸ್ಸಾ?" ಕೈಮೇಲೆ ಹೊಡೆದಳು. ನಾನು ಸಿಟ್ಟಿನಿಂದ ಬಿಟ್ಟೆ. ಆಗ ನೋಡಿದೆ. ಬಲಗೈಯನ್ನು ತಾನೇ ಟಚ್‌ಪ್ಯಾಡಿನ ಮೇಲೆ ಹಾಕಿದ್ದಾಳೆ, ಎರಡು ಬೆರಳು ಕೆರೆಯುತ್ತಿವೆ. ಪರದೆಯ ಬಾಣ ಹುಚ್ಚು ಹಿಡಿದಂತೆ ಕುಣಿಯಿತು. ಬೀದಿ ಕದಲಲಿಲ್ಲ.

೨೪ ಜೂನ್

ಮಕ್ಬೂಲ್ ಅಂಗಡಿಗೆ ಹೋಗಿ, ಅವಳ ಎರಡು ಬೆರಳಿಗೇ ಬೀದಿ ಓಡುವ ಹಾಗೆ ಆಗುತ್ತದೆಯೆ ಅಂತ ಕೇಳಿದೆ. ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವರಮ್ಮನೂ ಬೈರಮ್ಮನೂ ಒಂದೇ ಫಿಲೇಚರಿನಲ್ಲಿ ಅಕ್ಕಪಕ್ಕ ಕೂತು ರೇಷ್ಮೆಗೂಡಿನ ನೂಲು ಬಿಚ್ಚಿದವರು.

"ಎರಡು ಬೆರಳಲ್ಲಿ ಎಳೆದ್ರೆ ಪೇಜ್ ಓಡೋದು ಹೊಸಾ ಲ್ಯಾಪ್‌ಟಾಪಲ್ಲಿ ಐತೆ ಯಜಮಾನ್ರೇ. ನಿಮ್ದು ಹಳೇದು."

"ಹಳೇದು ಅಂತ ನಂಗೂ ಗೊತ್ತು. ಆಗ್ತದೋ ಇಲ್ವೋ ಹೇಳಯ್ಯ."

"ಬೈಬೇಡಿ. ಈ ಪ್ಯಾಡ್‌ಗೆ ಎರಡು ಬೆರಳು ಇಟ್ರೆ ಗೊತ್ತಾಗ್ತದೆ. ಗೊತ್ತಾದ್ ಮೇಲೆ ಏನ್ ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ, ಅಷ್ಟೆ. ಅದಕ್ಕೊಂದು ಸಾಫ್ಟ್‌ವೇರ್ ಹಾಕ್ತೀನಿ."

ಹಾಕಿಕೊಟ್ಟ. ಎರಡು ಸಲ ಹ್ಯಾಂಗ್ ಆಯಿತು. ಮೂರನೇ ಸಲ ಓಡಿತು.

೨೫ ಜೂನ್

ಎರಡು ಬೆರಳು ಇಟ್ಟು ತನ್ನ ಕಡೆ ಎಳೆದುಕೊಂಡಳು. ಬೀದಿ ಮುಂದೆ ಹೋಯಿತು! ಹಿಟ್ಟಿನ ಗಿರಣಿ ಬಂತು. ಆಮೇಲೆ ದೊಡ್ಡಲಕ್ಷ್ಮಮ್ಮನ ಮನೆ. ಮದುವೆಗೆ ಮುಂಚೆ ಇವಳ ಕೋಳಿ ಹಿಡಿದು ಸಾರು ಮಾಡಿದವಳಂತೆ. ಆ ಸಿಟ್ಟು ಇನ್ನೂ ಆರಿಲ್ಲ.

"ಥೂ, ಇವಳಿಗ್ಯಾವಾಗ ಬಂತು ತಾರಸಿ ಮನೆ? ನನ್ ಕೋಳಿ ತಿಂದೇ ಕಟ್ಟಿರ್ಬೇಕು."

ಎಳೆದಳು, ಎಳೆದಳು. ಅರಳಿಕಟ್ಟೆ. ಹಾಲಿನ ಡೈರಿ. ಕೊನೆಗೆ ಏರಿಯ ಪಕ್ಕ ಅವರಪ್ಪನ ಮನೆ, ಹಸಿರು ಬಾಗಿಲು. ಅಲ್ಲಿ ನಿಂತಳು. ಕರೆಂಟ್ ಹೋಯಿತು. ಕತ್ತಲಾದ ಪರದೆಯನ್ನೇ ನೋಡುತ್ತ ಕೂತಿದ್ದಳು.

ವಾಪಸ್ ಬಸ್ ಸ್ಟ್ಯಾಂಡಿಗೆ ಬರಲು ಬೆರಳನ್ನು ಮುಂದಕ್ಕೆ ತಳ್ಳಬೇಕು. ಅದು ಆಗುವುದಿಲ್ಲ. ನಾನೇ ತಂದು ನಿಲ್ಲಿಸಬೇಕು.

೭ ಜುಲೈ, ಸೋಮವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಹಿಗ್ಗಿನಿಂದ ಹೇಳಿದೆ, ದಿನಾ ಎಳೆಯುತ್ತಾಳೆ ಅಂತ. ಅವರ ಮುಖ ಇಳಿಯಿತು. ನನ್ನನ್ನು ಆಚೆ ಕರೆದರು.

"ಮಡಚೋ ಶಕ್ತಿ ಆಕೆಗೆ ಇದ್ದೇ ಇದೆ. ಬಿಡಿಸೋ ಶಕ್ತಿನೇ ಇಲ್ಲ. ಬರೀ ಎಳೆಸ್ತಾ ಇದ್ರೆ ಮುಷ್ಟಿ ಇನ್ನೂ ಬಿಗಿಯಾಗತ್ತೆ. ತಳ್ಳೋದು ಮಾಡಿಸಿ."

ದಾರಿಯಲ್ಲಿ ಅವಳು ಕೇಳಿದಳು, ಏನಂದ್ರು ಅಂತ. ಏನಿಲ್ಲ ಅಂದೆ.

೮ ಜುಲೈ

ಮಕ್ಬೂಲನ ಅಂಗಡಿಗೆ ಹೊತ್ತುಕೊಂಡು ಹೋದೆ. ಉಲ್ಟಾ ಮಾಡು ಅಂದೆ. ತಳ್ಳಿದರೆ ಬೀದಿ ಮುಂದೆ ಹೋಗಬೇಕು.

"ಮಾಡ್ಬಹುದು. ಇದ್ರಲ್ಲೇ ಐತೆ. ಆದ್ರೆ ಅಮ್ಮಂಗೆ ಹೇಳಿದೀರಾ?"

"ನಿನ್ ಕೆಲಸ ನೋಡಯ್ಯ."

ನೋಡಿದ. ಉಲ್ಟಾ ಮಾಡಿಕೊಟ್ಟ.

೯ ಜುಲೈ

ಎಳೆದಳು. ಬಸ್ ಸ್ಟ್ಯಾಂಡ್ ಅಲ್ಲೇ. ಮತ್ತೆ ಎಳೆದಳು.

"ಕೆಟ್ಟೋಯ್ತಾ?"

"ಕೆಟ್ಟಿಲ್ಲ. ತಳ್ಳು."

ತಿರುಗಿ ನೋಡಿದಳು. ನನ್ನ ಮುಖದಲ್ಲಿ ಬರೆದಿತ್ತೋ ಏನೋ. "ನೀವ್ ಮಾಡ್ಸಿದ್ದಾ?"

"ಹೂಂ. ನಿನ್ ಒಳ್ಳೇದಕ್ಕೆ."

"ತೌರಿನ ದಾರೀಗೆ ಬೇಲಿ ಹಾಕ್ಬುಟ್ರಲ್ಲ."

ಸೆರಗಿನಿಂದ ಎಡಗೈ ತೆಗೆದು ಮುಚ್ಚಳ ಮುಚ್ಚಿದಳು. ನನಗೂ ರೇಗಿತು. ಹಂಗಾದ್ರೆ ಕೈ ಕೊರಡಾಗೋಗ್ಲಿ ಬುಡು ಅಂದೆ.

೧೦ ಜುಲೈ

ಲ್ಯಾಪ್‌ಟಾಪ್ ತೆರೆಯಲಿಲ್ಲ. ಮುದ್ದೆ ಮುರಿದುಕೊಟ್ಟೆ. ಉಂಡಳು.

೧೪ ಜುಲೈ

ರಾಗಿ ಬಟ್ಟಲು ಇಟ್ಟೆ. ಈಗ ತಳ್ಳುವುದೂ ಇಲ್ಲ. ತಳ್ಳಿದ್ದರೇ ಚೆನ್ನಾಗಿತ್ತು.

೨೦ ಜುಲೈ, ಭಾನುವಾರ

ಭಾನು ಬಂದಳು. ಅವ್ವನ ಮುಷ್ಟಿ ಬಿಡಿಸಿ ನೋಡಿದಳು. ಅಂಗೈಯಲ್ಲಿ ಉಗುರು ಒತ್ತಿ ಗಾಯ. ನಾನು ನೋಡಿರಲಿಲ್ಲ. ಕೈ ಮುಟ್ಟಲು ಬಿಟ್ಟರೆ ತಾನೆ. ಇಬ್ಬರೂ ಸೇರಿ ಉಗುರು ಕತ್ತರಿಸಿದೆವು.

ಅಡುಗೆಮನೆಗೆ ಕರೆದು ಉಗಿದಳು. "ಅವ್ವಂಗೆ ಖುಷಿ ಆಗ್ಲಿ ಅಂತ ಮಾಡ್ಕೊಟ್ಟಿದ್ದು ಅಪ್ಪಾ. ಅದ್ನೂ ಔಷಧಿ ಮಾಡ್ಬುಟ್ರಿ ನೀವು."

"ಕೈ ಬ್ಯಾಡ್ವಾ ಅವಳಿಗೆ?"

"ಬೇಕೋ ಬ್ಯಾಡ್ವೋ ಅವ್ವನ್ನ ಕೇಳಿದ್ರಾ?"

ಕೇಳಿಲ್ಲ. ಡಾಕ್ಟರು ಹೇಳಿದ್ದನ್ನೂ ಅವಳಿಗೆ ಹೇಳಿಲ್ಲ. ರೋಗಿ ಅವಳು, ಮುಚ್ಚಿಟ್ಟವನು ನಾನು.

೨೪ ಜುಲೈ

ಇವತ್ತು ಹೇಳಿದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಎಳೆದರೆ ಮುಷ್ಟಿ ಬಿಗಿಯಾಗುತ್ತದಂತೆ, ಅದಕ್ಕೆ ಉಲ್ಟಾ ಮಾಡಿಸಿದೆ. ಬೇಡ ಅಂದರೆ ನಾಳೆ ಸರಿ ಮಾಡಿಸುತ್ತೇನೆ. ನಿನ್ನ ತೌರಿಗೆ ಹೆಂಗೆ ಬೇಕೋ ಹಂಗೆ ಹೋಗು.

ಗೋಡೆ ಕಡೆ ನೋಡುತ್ತಿದ್ದಳು.

೨೫ ಜುಲೈ, ಶುಕ್ರವಾರ

ಮಕ್ಬೂಲ್ ಇದ್ದಾನೋ ನೋಡಿಬರೋಣ ಅಂತ ಬರಿಗೈಲಿ ಹೋದೆ. ಶಟರ್ ಎಳೆದಿತ್ತು. ನಮಾಜಿನ ಹೊತ್ತು, ಮರೆತಿದ್ದೆ. ಕಾಯದೆ ಬಂದೆ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಂಡಿತು. ಲ್ಯಾಪ್‌ಟಾಪ್ ತೆರೆದಿದೆ. ಎಡಗೈ ಸೆರಗಿನೊಳಗೆ. ಬಲಗೈ ಪ್ಯಾಡಿನ ಮೇಲೆ. ಎರಡು ಬೆರಳು ನಡುಗುತ್ತಿವೆ, ಮುಂದಕ್ಕೆ. ಒಂದು ಕೂದಲೆಳೆಯಷ್ಟು. ಜಾರಿ ಮಡಚಿದವು. ಮತ್ತೆ ಇಟ್ಟಳು. ಕುತ್ತಿಗೆಯಲ್ಲಿ ಬೆವರು.

ಹೊಸಿಲಲ್ಲೇ ನಿಂತೆ. ತಿರುಗದೆಯೇ ಹೇಳಿದಳು:

"ಅಲ್ ನಿಂತ್ಕೊಂಡು ಏನ್ ನೋಡ್ತೀರಾ, ಕುಸ್ತಿ ನಡೀತಾ ಐತಾ? ಆಚೆಗ್ ಹೋಗಿ. ನೀವ್ ನೋಡಿದ್ರೆ ಮುಷ್ಟಿ ಕಟ್ಕಂತದೆ."

"ಮಕ್ಬೂಲ್ ಇರ್ಲಿಲ್ಲ. ಸಂಜೆ ಹೋಗಿ ಸರಿ—"

"ಮೊದ್ಲು ಆಚೆಗ್ ಹೋಗ್ರೀ."

ಬಂದೆ. ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸ ಬೇಕಲ್ಲ. ಬೀದಿಯಲ್ಲಿ ಆಟೋಗಳ ಗಲಾಟೆ, ಅವಕ್ಕೂ ಬೈದೆ. ಒಳಗಿನದು ಕೇಳಬೇಕು.

ಆಗಲೇ ಒಂದು ಸಲ "ಗಿರಣಿ" ಅಂದಳು, ತನಗೆ ತಾನೇ. ಅಂದರೆ ಬಸ್ ಸ್ಟ್ಯಾಂಡ್ ದಾಟಿದ್ದಾಳೆ. ಮುಂದಿನದು ದೊಡ್ಡಲಕ್ಷ್ಮಮ್ಮನ ಮನೆ. ಅಲ್ಲಿಗೆ ಬಂದರೆ ಸುಮ್ಮನಿರುವವಳಲ್ಲ. ಬೈದೇ ಬೈಯುತ್ತಾಳೆ. ಅದಕ್ಕೇ ಕಿವಿ ಕೊಟ್ಟು ಕೂತಿದ್ದೇನೆ.

ಇನ್ನೂ ಇಲ್ಲ.

ಕರೆಂಟ್ ಇರಲಪ್ಪ.

ಇನ್ನೂ ಇಲ್ಲ. ಬಳೆ ಸದ್ದು. ಏನೋ ಉಸುರಿದಳು... ಇಲ್ಲ, ನರಳಿದ್ದು. ಎದ್ದು ಹೋಗಲೇ? ಹೋದರೆ ಬೈಸಿಕೊಳ್ಳಬೇಕು.

ತಡಿ — ಒಳಗಿಂದ — "ಥೂ, ನಿನ್ ತಾರಸೀಗೆ—"